ಒಂದು ಜೋಡಿ ಸ್ಟ್ರೋಬ್, ಮೂರು ಕ್ಯಾಮೆರಾ: ನೀರೊಳಗಿನ ಫ್ಲ್ಯಾಶ್ ಹೊಂದಿಸಿದ ಲಾಗ್

ಹುಬ್ಬಳ್ಳಿ-ಧಾರವಾಡದಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವಿಂಗ್ ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮದುವೆ ಕೆಲಸದ ಕ್ಯಾಮೆರಾ. ಹೌಸಿಂಗ್, ಅಂದರೆ ಕ್ಯಾಮೆರಾ ಇಡುವ ನೀರು ಹೋಗದ ಪೆಟ್ಟಿಗೆ, ಒಂದು ಕಡೆಯಿಂದ ಬರುತ್ತದೆ; ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲ್ಯಾಶ್, ಸೆಕೆಂಡ್ ಹ್ಯಾಂಡ್ ಆಗಿ ಇನ್ನೊಂದು ಕಡೆಯಿಂದ. ಎರಡನ್ನೂ ಜೋಡಿಸಿ ಬಟನ್ ಒತ್ತಿದರೆ ಫ್ಲ್ಯಾಶ್ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಫೋಟೋ ಮಾತ್ರ ಕಪ್ಪು. ಆಗ ಸ್ಟ್ರೋಬ್ ಕೆಟ್ಟಿದೆ ಎಂದು ಮಾರಿಬಿಡುವವರೂ ಇದ್ದಾರೆ. ಹೆಚ್ಚಿನ ಸಲ ಸ್ಟ್ರೋಬ್ ಸರಿಯಾಗಿಯೇ ಇರುತ್ತದೆ, ಹೊಂದಾಣಿಕೆ ತಪ್ಪಿರುತ್ತದೆ.

ಈ ಕೆಲಸದಲ್ಲಿದ್ದ ಸಾಮಾನು ಇಷ್ಟು. ಸ್ಟ್ರೋಬ್ ಎರಡು: ಸೀ ಆ್ಯಂಡ್ ಸೀ ವೈಎಸ್-ಡಿ2 ಒಂದು, ಐನಾನ್ ಜೆಡ್-240 ಒಂದು. ಎರಡೂ ನಾಲ್ಕು ಎಎ ಸೆಲ್ ಮೇಲೆ ನಡೆಯುತ್ತವೆ. ಕ್ಯಾಮೆರಾ ಮೂರು: ಕ್ಯಾನನ್ 200ಡಿ ಮಾರ್ಕ್ 2, ಸೋನಿ ಎ7 ಮಾರ್ಕ್ 3, ಒಲಿಂಪಸ್ ಟಿಜಿ-6. ಕ್ಯಾಮೆರಾ ಬದಲಾದರೂ ಇದೇ ಜೋಡಿ ಸ್ಟ್ರೋಬ್ ನಡೆಯಬೇಕು, ಹೊಸ ಸ್ಟ್ರೋಬ್ ಕೊಳ್ಳಬಾರದು.

ಯಾವ ಕಂಪನಿ ಯಾವುದಕ್ಕೆ ಹೊಂದುತ್ತದೆ ಎಂಬಲ್ಲಿಂದ ಶುರು ಮಾಡಿದರೆ ದುಡ್ಡು ಹೋಗುತ್ತದೆ. ಮೊದಲು ನೋಡಬೇಕಾದದ್ದು, ಸ್ಟ್ರೋಬ್‌ಗೆ ಸಂಕೇತ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು: ಕ್ಯಾಮೆರಾದ ಸ್ವಂತ ಫ್ಲ್ಯಾಶ್‌ನ ಬೆಳಕೋ, ಹಾಟ್‌ಶೂ (ಕ್ಯಾಮೆರಾ ತಲೆಯ ಮೇಲೆ ಹೊರಗಿನ ಫ್ಲ್ಯಾಶ್ ಸಿಕ್ಕಿಸುವ ಜಾಗ) ಮೇಲಿನ ಎಲ್‌ಇಡಿಯೋ, ತಂತಿಯೋ. ಆಮೇಲೆ, ಮುಖ್ಯ ಮಿಂಚಿಗೆ ಮುಂಚೆ ಬೆಳಕು ಅಳೆಯುವ ಸಣ್ಣ ಮಿಂಚು, ಅಂದರೆ ಪ್ರೀ-ಫ್ಲ್ಯಾಶ್, ಬರುತ್ತದೋ ಇಲ್ಲವೋ. ಈ ಎರಡು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಹಂತ 1: ಕ್ಯಾಮೆರಾದಿಂದ ಏನು ಹೊರಬರುತ್ತದೆ

ಹಾಟ್‌ಶೂ ಮಧ್ಯದಲ್ಲಿ ದೊಡ್ಡ ಗುಂಡು ಪಿನ್ ಇದೆಯೇ ನೋಡಬೇಕು. ಅದೇ ಸಿಂಕ್ ಪಿನ್. ಶಟರ್ ತೆರೆದಾಗ ಕ್ಯಾಮೆರಾ ಈ ಪಿನ್ನನ್ನು ಶೂ ಪಟ್ಟಿಗೆ, ಅಂದರೆ ಗ್ರೌಂಡ್‌ಗೆ ಜೋಡಿಸುತ್ತದೆ. ಶೂಗೆ ಸಿಕ್ಕಿಸಿ ಸ್ಟ್ರೋಬ್‌ಗೆ ಸಂಕೇತ ಕಳಿಸುವ ಅಗ್ಗದ ಟ್ರಿಗರ್‌ಗಳೆಲ್ಲ ನಂಬಿರುವುದು ಇದೊಂದನ್ನೇ. ನಮ್ಮ ಕಡೆ ತುಂಬಾ ಓಡಿದ 200ಡಿ ಮಾರ್ಕ್ 2ರಲ್ಲಿ ಆ ಪಿನ್ ಇಲ್ಲ. 3000ಡಿಯಲ್ಲಿಯೂ ಇಲ್ಲ. ಬದಿಯ ಸಣ್ಣ ಪಿನ್‌ಗಳಿವೆ, ಅವು ಕ್ಯಾನನ್ ಭಾಷೆ ಬಲ್ಲ ಫ್ಲ್ಯಾಶ್‌ಗೆ ಮಾತ್ರ. ಕ್ಯಾನನ್ ಆರ್50ರ ಶೂ ಇನ್ನೊಂದು ಬಗೆ, ಹಳೆಯ ಕ್ಯಾನನ್ ಫ್ಲ್ಯಾಶ್ ಹಾಕಲಿಕ್ಕೂ ಅಡಾಪ್ಟರ್ ಬೇಕು. ಇಂಥ ಬಾಡಿ ಇದ್ದವರು ಮಧ್ಯದ ಪಿನ್ ನಂಬುವ ಎಲ್‌ಇಡಿ ಟ್ರಿಗರ್ ಕೊಂಡರೆ ಅದು ಒಮ್ಮೆಯೂ ಉರಿಯುವುದಿಲ್ಲ. ಆದರೆ ಈ ಮೂರರಲ್ಲೂ ಪಾಪ್-ಅಪ್ ಫ್ಲ್ಯಾಶ್ ಇದೆ, ದಾರಿ ಅದೇ.

ಸೋನಿ ಎ7 ಮಾರ್ಕ್ 3ರದ್ದು ತಿರುಗುಮುರುಗು. ಪಾಪ್-ಅಪ್ ಇಲ್ಲ, ಮಧ್ಯದ ಪಿನ್ ಇದೆ. 2012ರಿಂದ ಸೋನಿ ಹಾಕುತ್ತಿರುವ ಮಲ್ಟಿ ಇಂಟರ್‌ಫೇಸ್ ಶೂದಲ್ಲಿ ಹೆಚ್ಚುವರಿ ಪಿನ್‌ಗಳು ಮುಂದಿನ ಅಂಚಿನಲ್ಲಿ ಅಡಗಿರುತ್ತವೆ. ಮಧ್ಯದ ಪಿನ್ ಮಾತ್ರ ಎಲ್ಲರಂತೆಯೇ.

ಟಿಜಿ-6ಕ್ಕೆ ಶೂವೇ ಇಲ್ಲ, ಒಳಗೇ ಸಣ್ಣ ಫ್ಲ್ಯಾಶ್ ಇದೆ.

ಪ್ರೀ-ಫ್ಲ್ಯಾಶ್ ಇದೆಯೋ ಇಲ್ಲವೋ ತಿಳಿಯಲು ಪುಸ್ತಕ ಹುಡುಕಬೇಕಿಲ್ಲ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ಹಾಕಿ, ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಫ್ಲ್ಯಾಶನ್ನು ಬಿಳಿ ಗೋಡೆಗೆ ಹೊಡೆಸಿ ರೆಕಾರ್ಡ್ ಮಾಡಿ. 240 ಫ್ರೇಮ್ ವೇಗದಲ್ಲಿ ಎರಡು ಮಿಂಚು ಬೇರೆ ಬೇರೆಯಾಗಿ ಕಾಣುತ್ತವೆ. ರೆಡ್-ಐ ಹಾಕಿದ್ದರೆ ಇನ್ನೂ ಹೆಚ್ಚು. ಕ್ಯಾಮೆರಾದ ಮಿಂಚು ಚಿಕ್ಕದಾಗಿದ್ದರೆ ಪೂರ್ತಿ ಫ್ರೇಮ್ ಬೆಳಗದೆ ಒಂದು ಪಟ್ಟಿ ಮಾತ್ರ ಬೆಳಗಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 2: ಫೈಬರ್ ಕೇಬಲ್

ಬೆಳಕಿನ ಸಂಕೇತವನ್ನು ಹೌಸಿಂಗ್ ಕಿಟಕಿಯಿಂದ ಸ್ಟ್ರೋಬ್‌ಗೆ ಒಯ್ಯುವುದು ಫೈಬರ್ ಕೇಬಲ್. ನೀರೊಳಗಿನ ಕೆಲಸಕ್ಕೆಂದೇ ಮಾರುವ ಕೇಬಲ್‌ನಲ್ಲಿ 613 ಎಳೆಯ ಪ್ಲಾಸ್ಟಿಕ್ ಫೈಬರ್ ಇರುತ್ತದೆ, ಬಿಗಿಯಾಗಿ ಬಾಗಿಸಿದರೂ ಬೆಳಕು ಅಷ್ಟಾಗಿ ಸೋರುವುದಿಲ್ಲ. ಇಲ್ಲಿ ಬಳಸಿದ್ದು ಟಿವಿ-ಸೌಂಡ್‌ಬಾರ್ ನಡುವೆ ಹಾಕುವ ಟಾಸ್‌ಲಿಂಕ್ ಆಪ್ಟಿಕಲ್ ಕೇಬಲ್. ಒಳಗಿನದು 1 ಮಿ.ಮೀ. ಒಂಟಿ ಎಳೆ ಪ್ಲಾಸ್ಟಿಕ್, ಅದರ ಮೇಲಿನ ಕರಿ ಕವಚ ಸೇರಿ 2.2 ಮಿ.ಮೀ. ಆಗುತ್ತದೆ. ದಪ್ಪ ಕೇಬಲ್ ಆದರೆ ಅದರ ಮೇಲೆ ಇನ್ನೊಂದು ಪಿವಿಸಿ ಕವಚ ಇರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಅದನ್ನು ತೆಗೆಯಬೇಕು, ಒಳಗಿನ ಕರಿ ಕವಚಕ್ಕೆ ಗಾಯ ಆಗಬಾರದು. ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ 2 ಮೀಟರ್ ಕೇಬಲ್ 280 ರೂಪಾಯಿ ಆಯಿತು, ಅದರಲ್ಲಿ 90 ಸೆಂ.ಮೀ.ನ ಎರಡು ತುಂಡು ಬಂದವು.

ಕತ್ತರಿಯಿಂದ ತುಂಡು ಮಾಡಬಾರದು. ಎಳೆ ಜಜ್ಜಿ ತುದಿ ಹಾಲಿನಂತೆ ಬೆಳ್ಳಗಾಗುತ್ತದೆ, ಬೆಳಕು ಅರ್ಧಕ್ಕಿಂತ ಹೆಚ್ಚು ಅಲ್ಲೇ ಚದುರುತ್ತದೆ. ಹೊಸ ಸರ್ಜಿಕಲ್ ಬ್ಲೇಡ್, ಕೆಳಗೆ ಗಟ್ಟಿ ರಬ್ಬರ್, ಒಂದೇ ಒತ್ತು. ಆಮೇಲೆ 1000 ನಂಬರ್ ಪಾಲಿಶ್ ಪೇಪರ್ ಮೇಲೆ ನೀರು ಹಾಕಿ ಎಂಟರ ಆಕಾರದಲ್ಲಿ ತಿಕ್ಕುವುದು, ಕೊನೆಗೆ 2000 ನಂಬರ್. ತುದಿ ನೇರವಾಗಿ ನಿಲ್ಲಲು 2.3 ಮಿ.ಮೀ. ತೂತು ಇರುವ ಒಂದು ಅಕ್ರಿಲಿಕ್ ತುಂಡಿನಲ್ಲಿ ಫೈಬರ್ ಸಿಕ್ಕಿಸಿ ತಿಕ್ಕಿದರೆ ಓರೆಯಾಗುವುದಿಲ್ಲ. ಒಂದು ತುದಿ ಟ್ಯೂಬ್‌ಲೈಟಿಗೆ ಹಿಡಿದು ಇನ್ನೊಂದು ತುದಿ ನೋಡಿದಾಗ ಕಲೆ ಇಲ್ಲದ ಗುಂಡು ಬೆಳಕು ಕಂಡರೆ ಸಾಕು.

ಸುರುಳಿ ಮಾಡುವ ಪ್ರಯತ್ನ ಇಲ್ಲಿ ಫಲಿಸಲಿಲ್ಲ. 613 ಎಳೆಯ ಕೇಬಲನ್ನು 10 ಮಿ.ಮೀ. ಸರಳಿಗೆ ಸುತ್ತಿ ಬಿಸಿನೀರು ಹೊಯ್ದು ಸ್ಪ್ರಿಂಗ್‌ನಂತೆ ಮಾಡುತ್ತಾರೆ. ಅದನ್ನೇ ಒಂಟಿ ಎಳೆಗೆ ಮಾಡಿದಾಗ ಬಾಗಿದ ಕಡೆಯಲ್ಲೆಲ್ಲ ಬೆಳಕು ಸೋರಿತು, ಒಂದು ಕಡೆ ಎಳೆ ಒಳಗೇ ಸೀಳಿತು. 1 ಮಿ.ಮೀ. ಒಂಟಿ ಎಳೆಯನ್ನು 25 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಸುರುಳಿ ಬಿಟ್ಟು, ಸ್ಟ್ರೋಬ್ ತೋಳಿನ ಉದ್ದಕ್ಕೂ ದೊಡ್ಡ ಬಾಗುಗಳಲ್ಲಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಲಾಯಿತು. ತೋಳು ಪೂರ್ತಿ ಚಾಚಿದಾಗ 8 ಸೆಂ.ಮೀ. ಸಡಿಲ ಉಳಿಯಬೇಕು, ಇಲ್ಲದಿದ್ದರೆ ಪ್ಲಗ್ ಕಿತ್ತು ಬರುತ್ತದೆ.

ಪ್ಲಗ್ ವಿಷಯದಲ್ಲಿ ಎರಡು ಸ್ಟ್ರೋಬ್ ಎರಡು ದಿಕ್ಕು. ವೈಎಸ್-ಡಿ2ಗೆ ಒಂದು ಬಗೆಯ ಪ್ಲಗ್, ಜೆಡ್-240ಗೆ ಬೇರೆ ಹೋಲ್ಡರ್, ಹೌಸಿಂಗ್ ಕಡೆಯ ತೂತು ಮೂರನೆಯ ಅಳತೆ. ಕ್ಯಾಟಲಾಗ್ ನೋಡಿ ಅಳತೆ ಹಿಡಿಯುವ ಬದಲು ಕೈಯಲ್ಲಿರುವ ತೂತಿಗೆ ವರ್ನಿಯರ್ ಹಾಕುವುದೇ ಸರಿ. ಗೋಕುಲ ರಸ್ತೆಯ ಲೇತ್‌ನಲ್ಲಿ 12 ಮಿ.ಮೀ. ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಸರಳಿನಿಂದ ನಾಲ್ಕು ಪ್ಲಗ್ ತಿರುವಿಸಿದ್ದಕ್ಕೆ ಒಂದಕ್ಕೆ 120 ರೂಪಾಯಿ. ಮಧ್ಯದ ತೂತು 2.2 ಹೇಳಿದರೆ ಫೈಬರ್ ಹೋಗುವುದಿಲ್ಲ, 2.3 ಹೇಳಬೇಕು. ಹೊರ ಅಳತೆ ಪೋರ್ಟಿಗಿಂತ 0.1 ಮಿ.ಮೀ. ಕಡಿಮೆ ಇರಲಿ, ಮೇಲೆ ಸುತ್ತಲೂ ಸಣ್ಣ ತೋಡು ಕೊರೆಸಿ ತೆಳು ಓ-ರಿಂಗ್ ಹಾಕಿದರೆ ಬಿಗಿಯಾಗಿ ಕೂರುತ್ತದೆ.

ಪ್ಲಗ್ ಬದಿಗೆ 1 ಮಿ.ಮೀ. ತೂತು ಒಂದು ಹೊಡೆಸಲೇಬೇಕು. ಪೋರ್ಟ್ ಕಿಟಕಿ ಮತ್ತು ಫೈಬರ್ ತುದಿಯ ನಡುವೆ ನೀರು ಬಂದರೆ ತೊಂದರೆ ಇಲ್ಲ, ಕಿಟಕಿ ಒಳಗಿನಿಂದ ಮುಚ್ಚಿರುತ್ತದೆ. ಅರ್ಧ ಗಾಳಿ ಅರ್ಧ ನೀರು ನಿಂತರೆ ಮಾತ್ರ ಗುಳ್ಳೆಯ ಅಂಚು ಬೆಳಕನ್ನು ಚದುರಿಸುತ್ತದೆ. ಮೇಲೆ ಚೆನ್ನಾಗಿ ಫೈರ್ ಆದ ಸ್ಟ್ರೋಬ್ ನೀರಿಗೆ ಇಳಿದ ಕೂಡಲೇ ತಪ್ಪಿಸಲು ಇದೇ ಕಾರಣವಾಗಬಹುದು. ತೂತು ಇದ್ದರೆ ಗಾಳಿ ಹೊರಟುಹೋಗುತ್ತದೆ.

ಹಂತ 3: ಸ್ವಂತ ಫ್ಲ್ಯಾಶ್ ಇರುವ ಎರಡು ಕ್ಯಾಮೆರಾ

200ಡಿ ಮಾರ್ಕ್ 2ಗೆ ಹೌಸಿಂಗ್ ಕೊಳ್ಳುವ ಮುಂಚೆ, ಒಳಗೆ ಪಾಪ್-ಅಪ್ ಏಳಲು ಜಾಗ ಇದೆಯೇ ನೋಡಬೇಕು. ಎಷ್ಟೋ ಹೌಸಿಂಗ್‌ನಲ್ಲಿ ಇರುವುದಿಲ್ಲ. ಜಾಗ ಇದ್ದರೂ ಮುಚ್ಚುವ ಮೊದಲೇ ಎಬ್ಬಿಸಿ ಇಡಬೇಕು. ಫ್ಲ್ಯಾಶ್ ಮೆನುವಿನಲ್ಲಿ ಮ್ಯಾನ್ಯುಯಲ್ ಸ್ಥಾನ ಸಿಗುವ ಬಾಡಿಯಲ್ಲಿ ಅದನ್ನೇ ಹಿಡಿದು ಅತಿ ಕಡಿಮೆ ಶಕ್ತಿಗೆ ಇಳಿಸಬೇಕು. ಆಗ ಪ್ರೀ-ಫ್ಲ್ಯಾಶ್ ಇಲ್ಲ, ಸ್ಟ್ರೋಬ್ ಮೇಲೆ ‘ಪ್ರೀ-ಫ್ಲ್ಯಾಶ್ ಇಲ್ಲ’ ಸ್ಥಾನ. ಕಡಿಮೆ ಶಕ್ತಿ ಎಂದರೆ ಪಾಪ್-ಅಪ್ ಬೇಗ ಚಾರ್ಜ್ ಆಗುತ್ತದೆ, ಕ್ಯಾಮೆರಾ ಬ್ಯಾಟರಿಯೂ ಉಳಿಯುತ್ತದೆ. ಶಟರ್ ವೇಗದ ಮಿತಿ 1/200.

ಕ್ಯಾಮೆರಾ ತಾನೇ ಫ್ಲ್ಯಾಶ್ ಶಕ್ತಿಯ ಲೆಕ್ಕ ಹಾಕುವ ಇ-ಟಿಟಿಎಲ್‌ನಲ್ಲೇ ಬಿಟ್ಟರೆ ಪ್ರೀ-ಫ್ಲ್ಯಾಶ್ ಬರುತ್ತದೆ. ‘ಪ್ರೀ-ಫ್ಲ್ಯಾಶ್ ಇಲ್ಲ’ದಲ್ಲಿರುವ ಸ್ಟ್ರೋಬ್ ಅದಕ್ಕೇ ಪೂರ್ತಿ ಶಕ್ತಿ ಸುರಿದು, ಶಟರ್ ತೆರೆಯುವ ಹೊತ್ತಿಗೆ ಖಾಲಿ. ಕಣ್ಣಿಗೆ ಮಿಂಚು ಕಂಡು ಫೋಟೋ ಕಪ್ಪಾಗುವುದರ ಕಾರಣ ಹೆಚ್ಚಾಗಿ ಇಷ್ಟೇ. ತಿರುಗಿ, ಒಂದೇ ಮಿಂಚು ಬರುವಲ್ಲಿ ಸ್ಟ್ರೋಬನ್ನು ‘ಪ್ರೀ-ಫ್ಲ್ಯಾಶ್ ಇದೆ’ ಎಂದು ಇಟ್ಟರೆ ಮೊದಲ ಸಂಕೇತ ನುಂಗಿ ಕೂತುಬಿಡುತ್ತದೆ. ಒಂದು ಬಿಟ್ಟು ಒಂದು ಸಲ ಫೈರ್ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ.

ಸೋನಿಯ ಎ6400ನಂಥ ಬಾಡಿ ಇದ್ದವರಿಗೆ ಒಂದು ಮಾತು: ಅದರ ಪಾಪ್-ಅಪ್‌ಗೆ ಮ್ಯಾನ್ಯುಯಲ್ ಶಕ್ತಿ ಇಲ್ಲ, ಪ್ರೀ-ಫ್ಲ್ಯಾಶ್ ಬಂದೇ ಬರುತ್ತದೆ, ಸಿಂಕ್ ಮಿತಿ 1/160. ಸ್ಟ್ರೋಬನ್ನು ‘ಪ್ರೀ-ಫ್ಲ್ಯಾಶ್ ಇದೆ’ ಸ್ಥಾನದಲ್ಲಿಟ್ಟು ಶಕ್ತಿ ಕೈಯಿಂದ ತಿರುಗಿಸುವುದು ಅಲ್ಲಿ ಸರಿಯಾದ ದಾರಿ.

ಟಿಜಿ-6 ಹೌಸಿಂಗ್ ಇಲ್ಲದೆ 15 ಮೀಟರ್, ಅದರ ಪಿಟಿ-059 ಹೌಸಿಂಗ್‌ನಲ್ಲಿ 45 ಮೀಟರ್ ತಡೆಯುತ್ತದೆ. ಸ್ಟ್ರೋಬ್‌ಗೆ ಹೌಸಿಂಗ್ ಬೇಕೇ ಬೇಕು, ಫೈಬರ್ ಹಿಡಿಸುವ ಜಾಗ ಅದರಲ್ಲಿದೆ. ಫ್ಲ್ಯಾಶ್ ಮೋಡ್ ಫಿಲ್-ಇನ್‌ಗೆ ಇಡಬೇಕು. ರೆಡ್-ಐ ಬೇಡ. ಆರ್‌ಸಿ ಮೋಡ್‌ನಲ್ಲಿ ಕ್ಯಾಮೆರಾ ಸಂಕೇತದ ಮಿಂಚು ಕಳಿಸುತ್ತದೆ, ಅದನ್ನು ಓದಬಲ್ಲ ಸ್ಟ್ರೋಬ್‌ಗೆ ಮಾತ್ರ ಅದು ಉಪಯೋಗ. ಫಿಲ್-ಇನ್‌ನಲ್ಲಿ ವೈಎಸ್-ಡಿ2ರ ಡಿಎಸ್-ಟಿಟಿಎಲ್, ಜೆಡ್-240ರ ಎಸ್-ಟಿಟಿಎಲ್ ಎರಡೂ ಕ್ಯಾಮೆರಾ ಮಿಂಚನ್ನು ಹಿಂಬಾಲಿಸುತ್ತವೆ. ಕ್ಯಾಮೆರಾದ ಬೆಳಕು ಮುಂದಕ್ಕೆ ಹೋಗಿ ನೀರಿನ ಕಣಗಳ ಮೇಲೆ ಬೀಳದಂತೆ ಹೌಸಿಂಗ್‌ನ ಡಿಫ್ಯೂಸರ್‌ಗೆ ಕರಿ ಇವಿಎ ಫೋಮ್ ಮುಚ್ಚಲಾಯಿತು.

ಒಂದು ತೊಂದರೆ ಉಳಿಯುತ್ತದೆ. ತೀರ ಹತ್ತಿರದ ಮ್ಯಾಕ್ರೋದಲ್ಲಿ ಟಿಜಿ-6 ಬಹಳ ಸಣ್ಣ ಮಿಂಚು ಕೊಡುತ್ತದೆ. ಫೈಬರ್ ತುದಿ ಮಸುಕಾಗಿದ್ದರೆ ಸ್ಟ್ರೋಬ್ ಪ್ರೀ-ಫ್ಲ್ಯಾಶ್ ಹಿಡಿದು ಮುಖ್ಯ ಮಿಂಚನ್ನು ಬಿಡುತ್ತದೆ. ದೂರದ ಫೋಟೋ ಸರಿ, ಹತ್ತಿರದ್ದು ಕಪ್ಪು ಎಂದರೆ ಮೊದಲು ಫೈಬರ್ ತುದಿ ಪಾಲಿಶ್ ಮಾಡಬೇಕು.

ಹಂತ 4: ಸೋನಿಗೆ ಎಲ್‌ಇಡಿ ಟ್ರಿಗರ್ ಬೋರ್ಡ್

ಮಾರುಕಟ್ಟೆಯ ಟ್ರಿಗರ್ ಹಲವು ಸಾವಿರ ರೂಪಾಯಿ, ಅದನ್ನು ಹೊರಗಿನಿಂದ ತರಿಸಬೇಕು. ಕೆಲಸ ಮಾತ್ರ ಸರಳ: ಮಧ್ಯದ ಪಿನ್ ಗ್ರೌಂಡ್ ಆದ ಕ್ಷಣ, ಎರಡು ಎಲ್‌ಇಡಿಗೆ ಒಂದು ಸಣ್ಣ ಆದರೆ ಬಲವಾದ ಏಟು ಕೊಡಬೇಕು.

ಭಾಗಗಳು:
ಕೆಂಪು 3 ವ್ಯಾಟ್ ಎಲ್‌ಇಡಿ 2. ಕೆಂಪೇ ಏಕೆಂದರೆ ಈ ಪ್ಲಾಸ್ಟಿಕ್ ಫೈಬರ್ 650 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಚೆನ್ನಾಗಿ ಸಾಗಿಸುತ್ತದೆ, ಮತ್ತು 6 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ ಸಾಕಷ್ಟು ವೋಲ್ಟೇಜ್ ಮಿಗುತ್ತದೆ.
ಎಒ3401 ಪಿ-ಚಾನೆಲ್ ಮಾಸ್‌ಫೆಟ್ 1. ಇದು ಎಲೆಕ್ಟ್ರಾನಿಕ್ ಸ್ವಿಚ್, ಗೇಟ್, ಸೋರ್ಸ್, ಡ್ರೇನ್ ಎಂಬ ಮೂರು ಕಾಲು ಇರುತ್ತವೆ.
1000 ಮೈಕ್ರೋಫ್ಯಾರಡ್, 10 ವೋಲ್ಟ್ ಕೆಪಾಸಿಟರ್ 1. 10 ನ್ಯಾನೋಫ್ಯಾರಡ್ 1.
ರೆಸಿಸ್ಟರ್: 3.9 ಓಮ್ 2, 100 ಓಮ್ 1, 10 ಕಿಲೋ ಓಮ್ 1, 100 ಕಿಲೋ ಓಮ್ 1.
ಸಿಆರ್2032 ಸೆಲ್ 2, ಹೋಲ್ಡರ್ ಸಮೇತ.
ಕೆಟ್ಟ ಮ್ಯಾನ್ಯುಯಲ್ ಫ್ಲ್ಯಾಶ್‌ನಿಂದ ಬಿಚ್ಚಿದ ಪ್ಲಾಸ್ಟಿಕ್ ಶೂ ಪಾದ 1.

ಜೋಡಣೆ ಹೀಗೆ. ಎರಡು ಸೆಲ್ ಸರಣಿಯಲ್ಲಿ ಸೇರಿ 6 ವೋಲ್ಟ್. ಅಲ್ಲಿಂದ 100 ಓಮ್ ಮೂಲಕ 1000 ಮೈಕ್ರೋಫ್ಯಾರಡ್ ತುಂಬುತ್ತದೆ. ಕೆಪಾಸಿಟರಿನ ಪ್ಲಸ್ ಮಾಸ್‌ಫೆಟ್ ಸೋರ್ಸ್‌ಗೆ. ಡ್ರೇನ್‌ನಿಂದ ಎರಡು ಕವಲು, ಒಂದೊಂದರಲ್ಲಿ ಒಂದು 3.9 ಓಮ್, ಒಂದು ಎಲ್‌ಇಡಿ, ನಂತರ ಗ್ರೌಂಡ್. ಗೇಟ್‌ಗೆ 10 ಕಿಲೋ ಓಮ್ ಸೋರ್ಸ್ ಕಡೆಗೆ. ಶೂ ಪಾದದ ಮಧ್ಯದ ಪಿನ್ನಿಗೆ 100 ಕಿಲೋ ಓಮ್ ಪ್ಲಸ್ ಕಡೆಗೆ, ಮತ್ತು ಅದೇ ಪಿನ್‌ನಿಂದ 10 ನ್ಯಾನೋಫ್ಯಾರಡ್ ಮೂಲಕ ಗೇಟ್‌ಗೆ. ಶೂ ಪಟ್ಟಿ ಗ್ರೌಂಡ್.

ಕ್ಯಾಮೆರಾ ಪಿನ್ ಎಳೆದಾಗ ಗೇಟ್ ಕೆಳಗಿಳಿದು, 10 ಕಿಲೋ ಓಮ್ ಮತ್ತು 10 ನ್ಯಾನೋಫ್ಯಾರಡ್ ಸೇರಿ ಅದನ್ನು ಮತ್ತೆ ಮೇಲಕ್ಕೆ ತರುತ್ತವೆ. ಎಲ್‌ಇಡಿ ಸುಮಾರು 180 ಮೈಕ್ರೋಸೆಕೆಂಡ್ ಉರಿಯುತ್ತದೆ, ಒಂದೊಂದಕ್ಕೆ 0.8ರಿಂದ 0.9 ಆಂಪಿಯರ್. ಕೆಪಾಸಿಟರ್ ಇಳಿಯುವುದು ಸುಮಾರು 0.3 ವೋಲ್ಟ್ ಮಾತ್ರ. ಸುಮ್ಮನಿದ್ದಾಗ ಕೆಪಾಸಿಟರಿನ ಸೋರಿಕೆ ಬಿಟ್ಟರೆ ವಿದ್ಯುತ್ ಖರ್ಚೇ ಇಲ್ಲ, ಸ್ವಿಚ್ ಬೇಕಾಗುವುದಿಲ್ಲ.

ಈ ರೂಪಕ್ಕೆ ಬರುವ ಮುಂಚೆ ಕೆಟ್ಟ ಬೋರ್ಡ್‌ಗಳಿಂದ ತಿಳಿದದ್ದು:

ಕೆಪಾಸಿಟರ್ ಇಲ್ಲದೆ ಸೆಲ್‌ನಿಂದ ನೇರ ಎಲ್‌ಇಡಿ. ಕಣ್ಣಿಗೆ ಕೆಂಪು ಕಂಡಿತು, ಸ್ಟ್ರೋಬ್ ಕದಲಲಿಲ್ಲ. ಸಿಆರ್2032ರ ಒಳ ರೆಸಿಸ್ಟೆನ್ಸ್ ಹತ್ತಾರು ಓಮ್, ಅದರಿಂದ ಆಂಪಿಯರ್ ಬರುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ಸ್ಟ್ರೋಬ್‌ಗೆ ಸಾಕು ಎಂದು ತಿಳಿಯಬಾರದು, ಅದಕ್ಕೆ ಬೇಕಾದದ್ದು ತಟ್ಟನೆ ಏರುವ ಬೆಳಕು.

ಎಒ3401 ಬದಲು ಐಆರ್‌ಎಫ್9540. ವಿದ್ಯಾನಗರದಲ್ಲಿ ಕಾಲೇಜು ಹುಡುಗರ ಪ್ರಾಜೆಕ್ಟ್ ಸಾಮಾನು ಮಾರುವಲ್ಲಿ ಕೂಡಲೇ ಸಿಗುವುದು ಇದು. 9 ವೋಲ್ಟ್ ಬೆಂಚ್ ಸಪ್ಲೈ ಮೇಲೆ ಚೆನ್ನಾಗಿ ನಡೆಯಿತು, ಸೆಲ್ ಹಾಕಿದಾಗ ಎಲ್‌ಇಡಿ ಮಂಕು. ಅದರ ಗೇಟ್ ತೆರೆಯಲು ಶುರುವಾಗುವುದೇ 2ರಿಂದ 4 ವೋಲ್ಟಿನಲ್ಲಿ, 6 ವೋಲ್ಟಿನೊಳಗೆ ಪೂರ್ತಿ ತೆರೆಯುವ ಭರವಸೆ ಇಲ್ಲ. ಬೆಂಚ್ ಸಪ್ಲೈ ಮೇಲೆ ಪಾಸಾದ ಬೋರ್ಡನ್ನು ಅರ್ಧ ಖರ್ಚಾದ ಸೆಲ್ ಹಾಕಿ ಮತ್ತೊಮ್ಮೆ ನೋಡದೆ ಹೌಸಿಂಗ್‌ಗೆ ಹಾಕಬಾರದು. ಎಒ3401 ಅಕ್ಕಿಕಾಳಿಗಿಂತ ಚಿಕ್ಕದು, ಸಣ್ಣ ತುದಿಯ ಸೋಲ್ಡರಿಂಗ್ ಐರನ್ ಮತ್ತು ಫ್ಲಕ್ಸ್ ಇಲ್ಲದೆ ಬೆಸುಗೆ ಆಗುವುದಿಲ್ಲ.

10ರ ಬದಲು 47 ನ್ಯಾನೋಫ್ಯಾರಡ್. ಹೆಚ್ಚು ಹೊತ್ತು ಉರಿದರೆ ಒಳ್ಳೆಯದು ಎಂಬ ಲೆಕ್ಕ ಸರಿಯಲ್ಲ. ಏಟು 0.8 ಮಿಲಿಸೆಕೆಂಡ್ ದಾಟಿತು, ಕೆಪಾಸಿಟರ್ ಒಂದೇ ಏಟಿಗೆ ಒಂದೂವರೆ ವೋಲ್ಟ್ ಇಳಿದು ಬೆನ್ನಿಗೇ ತೆಗೆದ ಎರಡನೆಯ ಫೋಟೋದಲ್ಲಿ ಸ್ಟ್ರೋಬ್ ತಪ್ಪಿಸಿತು.

ಹಳೆಯ ಎಸ್‌ಎಂಪಿಎಸ್‌ (ಪವರ್ ಸಪ್ಲೈ) ಒಳಗಿನಿಂದ ಬಿಚ್ಚಿದ ಕೆಪಾಸಿಟರ್. ಮೀಟರ್‌ನಲ್ಲಿ 1000ದ ಹತ್ತಿರವೇ ತೋರಿಸಿತು, ಆದರೆ ಒಣಗಿದ್ದರಿಂದ ಒಳ ರೆಸಿಸ್ಟೆನ್ಸ್ ಏರಿತ್ತು. ಐದು ರೂಪಾಯಿ ಉಳಿಸಲು ಹೋಗಿ ಎಲ್ಲಿ ತಪ್ಪಿದೆ ಎಂದು ಹುಡುಕಿದ ಹೊತ್ತು ವ್ಯರ್ಥ. ಇಲ್ಲಿ ಹೊಸದೇ ಹಾಕಬೇಕು.

ಏಟಿನ ಉದ್ದ ಅಳೆಯಲು ದೊಡ್ಡ ಆಸಿಲೋಸ್ಕೋಪ್ ಬೇಕಿಲ್ಲ. ಡಿಎಸ್‌ಒ138 ಕಿಟ್ ಸಾಕು. ಬಿಪಿಡಬ್ಲ್ಯು34 ಫೋಟೋಡಯೋಡ್‌ಗೆ 9 ವೋಲ್ಟ್ ತಿರುಗುಮುರುಗು ಕೊಟ್ಟು, 1 ಕಿಲೋ ಓಮ್ ಮೇಲೆ ಅಳೆದು, ಫೈಬರ್ ತುದಿಯನ್ನು ಡಯೋಡ್ ಮೇಲೆ ಒತ್ತಿ ಹಿಡಿದರೆ ಏಟಿನ ಆಕಾರ ತೆರೆಯ ಮೇಲೆ ಬರುತ್ತದೆ. ಇದೇ ಜೋಡಣೆಯಲ್ಲಿ ಎರಡು ಫೈಬರ್‌ಗಳನ್ನು ಹೋಲಿಸಿ ಯಾವುದರ ತುದಿ ಕೆಟ್ಟಿದೆ ಎಂದೂ ಹೇಳಬಹುದು.

ಎಲ್‌ಇಡಿಯ ಜಾಗ ಬಹಳ ಮುಖ್ಯ. ಬೆಳಕು 120 ಡಿಗ್ರಿ ಹರಡುತ್ತದೆ, ಫೈಬರ್ ಹಿಡಿಯುವುದು 1 ಮಿ.ಮೀ. ಚುಕ್ಕೆ. ಹೌಸಿಂಗ್ ಕಿಟಕಿಗೆ 3 ಮಿ.ಮೀ. ಒಳಗೆ ಎಲ್‌ಇಡಿ ಕೂರದಿದ್ದರೆ ಎಷ್ಟು ಆಂಪಿಯರ್ ಹಾಕಿದರೂ ಪ್ರಯೋಜನ ಇಲ್ಲ. 10 ಮಿ.ಮೀ. ಇವಿಎ ಫೋಮ್‌ನಲ್ಲಿ ಗುಣಿ ಕೊರೆದು ಎಲ್‌ಇಡಿ ಕೂರಿಸಿ, ಫೋಮ್ ಕಿಟಕಿಗೆ ಮೆತ್ತಗೆ ಒತ್ತುವಂತೆ ಮಾಡಲಾಯಿತು. ಕ್ಯಾಮೆರಾ ಟ್ರೇ ಒಳಗೆ ಜಾರುವಾಗ ತಂತಿ ಹೌಸಿಂಗ್ ಓ-ರಿಂಗ್ ಮೇಲೆ ಬೀಳದಂತೆ ಟೇಪ್‌ನಿಂದ ಹಿಡಿಸಬೇಕು.

ಶೂ ಪಾದ ಪ್ಲಾಸ್ಟಿಕ್ಕೇ ಇರಬೇಕು, ಅಡಿಯಲ್ಲಿ ಮಧ್ಯದ ಒಂದೇ ಪಿನ್. ತಗಡಿನ ಪಾದ ಹಾಕಿದರೆ ಸೋನಿಯ ಮುಂದಿನ ಪಿನ್‌ಗಳೋ ನಿಕಾನ್‌ನ ಬದಿಯ ಪಿನ್‌ಗಳೋ ಪಟ್ಟಿಗೆ ತಾಗಿ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ.

ಎ7 ಮಾರ್ಕ್ 3ರ ಮೆನು: ಸೈಲೆಂಟ್ ಶೂಟಿಂಗ್ ಆಫ್, ಇಲ್ಲದಿದ್ದರೆ ಫ್ಲ್ಯಾಶ್ ಬೀಳುವುದಿಲ್ಲ. ಲೈವ್ ವ್ಯೂ ಡಿಸ್‌ಪ್ಲೇ ಎಂಬಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್, ಇಲ್ಲದಿದ್ದರೆ ಎಫ್/11ರಲ್ಲಿ ನೀರೊಳಗೆ ವ್ಯೂಫೈಂಡರ್ ಕಗ್ಗತ್ತಲೆ. ಶಟರ್ 1/250ಕ್ಕಿಂತ ಮೇಲೆ ಬೇಡ. ಟ್ರಿಗರ್ ಸಿಕ್ಕಿಸಿದ್ದು ಕ್ಯಾಮೆರಾಗೆ ತಿಳಿಯುವುದಿಲ್ಲ, ಹಾಗಾಗಿ ಅದು ಶಟರ್ ವೇಗಕ್ಕೆ ತಡೆ ಹಾಕುವುದಿಲ್ಲ. ಡಯಲ್ ಕೈತಾಗಿ 1/500ಕ್ಕೆ ಹೋದರೆ ಅರ್ಧ ಫೋಟೋ ಕಪ್ಪು ಪಟ್ಟಿ. 1/200ರಲ್ಲೇ ಪಟ್ಟಿ ಕಂಡರೆ ಮಾತ್ರ ಟ್ರಿಗರ್ ತಡವಾಗುತ್ತಿದೆ ಎಂದರ್ಥ. ಮಧ್ಯದ ಪಿನ್ ಇರುವ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಇದೇ ಬೋರ್ಡ್ ಹಾಕುವವರು ಲೈವ್ ವ್ಯೂ ಬಳಸಿದರೆ ಅಲ್ಲಿಯೂ ಸೈಲೆಂಟ್ ಶೂಟಿಂಗ್ ಡಿಸೇಬಲ್ ಮಾಡಬೇಕು.

ಸ್ಟ್ರೋಬ್ ಎರಡೂ ಮ್ಯಾನ್ಯುಯಲ್, ‘ಪ್ರೀ-ಫ್ಲ್ಯಾಶ್ ಇಲ್ಲ’. ಎಸ್-ಟಿಟಿಎಲ್‌ನಲ್ಲಿ ಬಿಡಬಾರದು. ಆ ಸ್ಥಾನದಲ್ಲಿ ಸ್ಟ್ರೋಬ್ ಬಂದ ಬೆಳಕು ಶುರುವಾದಾಗ ಶುರುವಾಗಿ, ನಿಂತಾಗ ನಿಲ್ಲುತ್ತದೆ. ನಮ್ಮ ಎಲ್‌ಇಡಿ ಯಾವಾಗಲೂ ಒಂದೇ ಉದ್ದದ ಏಟು ಕೊಡುತ್ತದೆ, ಆದ್ದರಿಂದ ಎಷ್ಟು ದೂರ ಇದ್ದರೂ ಒಂದೇ ಮಂಕು ಬೆಳಕು ಬರುತ್ತದೆ. ಸ್ಟ್ರೋಬ್ ಶಕ್ತಿ ಕಳೆದುಕೊಂಡಿದೆ ಎಂದು ತಿಳಿದು ಬ್ಯಾಟರಿ ಬದಲಿಸುತ್ತ ಕೂರುವಂತಾಗುತ್ತದೆ.

ಹಂತ 5: ತಂತಿ ದಾರಿ

ಹಳೆಯ 5 ಪಿನ್ ನಿಕೊನೋಸ್ ಬಗೆಯ ಕೇಬಲ್ ಇನ್ನೂ ಬಳಕೆಯಲ್ಲಿದೆ. ಫಿಲ್ಮ್ ಕಾಲದ ಟಿಟಿಎಲ್‌ಗೆಂದು ಬಂದ ಜೋಡಣೆ ಅದು. ಸಾಕಷ್ಟು ಬೆಳಕು ಬಿದ್ದ ಮೇಲೆ ಕ್ಯಾಮೆರಾ ‘ನಿಲ್ಲಿಸು’ ಎನ್ನುವ ತಂತಿ ಅದರಲ್ಲಿತ್ತು. ಡಿಜಿಟಲ್ ಕ್ಯಾಮೆರಾಗಳು ಪ್ರೀ-ಫ್ಲ್ಯಾಶ್ ಮೂಲಕ ಮುಂಚೆಯೇ ಲೆಕ್ಕ ಹಾಕುತ್ತವೆ. ಆದ್ದರಿಂದ ಕನ್ವರ್ಟರ್ ಇಲ್ಲದೆ ಉಳಿದ ಪಿನ್‌ಗಳನ್ನು ಕ್ಯಾಮೆರಾಗೆ ಜೋಡಿಸಬಾರದು. ಸಿಂಕ್ ಮತ್ತು ಗ್ರೌಂಡ್ ಎರಡೇ ತಂತಿ, ಶಕ್ತಿ ಕೈಯಿಂದ. ಯಾವ ಪಿನ್ ಯಾವುದೆಂದು ಮಲ್ಟಿಮೀಟರ್ ಕಂಟಿನ್ಯುಯಿಟಿಯಿಂದ ಕೇಬಲ್‌ನ ಎರಡೂ ತುದಿ ನೋಡಿಯೇ ಗುರುತು ಹಾಕಬೇಕು.

ಕ್ಯಾಮೆರಾಗೆ ತಾಗಿಸುವ ಮುಂಚೆ ಸ್ಟ್ರೋಬ್ ಆನ್ ಮಾಡಿ ಸಿಂಕ್-ಗ್ರೌಂಡ್ ನಡುವಿನ ವೋಲ್ಟೇಜ್ ನೋಡಬೇಕು. ಐಎಸ್‌ಒ 10330 ಪ್ರಕಾರ ಕ್ಯಾಮೆರಾ 24 ವೋಲ್ಟ್ ತಡೆಯಬೇಕು. ಹಳೆಯ ಫ್ಲ್ಯಾಶ್‌ಗಳಲ್ಲಿ 200 ದಾಟಿದವೂ ಇವೆ. ಮೀಟರ್ ಡಿಜಿಟಲ್, 10 ಮೆಗಾ ಓಮ್‌ನದು ಇರಲಿ. ಮುಳ್ಳಿನ ಮೀಟರ್ ಆ ಸಣ್ಣ ಕರೆಂಟನ್ನು ತಾನೇ ಎಳೆದು ಕಡಿಮೆ ತೋರಿಸುತ್ತದೆ, ಆ ಓದನ್ನು ನಂಬಿದರೆ ಕ್ಯಾಮೆರಾ ಹೋಗುತ್ತದೆ.

ಪಿನ್‌ಗಳಲ್ಲಿ ಹಸಿರು ಕಿಲುಬು ಇದ್ದರೆ ನೀರು ಬೆರೆಸಿದ ಬಿಳಿ ವಿನೆಗರ್, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್, ಪೂರ್ತಿ ಒಣಗುವ ತನಕ ಕಾಯುವುದು. ಗ್ರೀಸ್ ಓ-ರಿಂಗ್‌ಗೆ ಮಾತ್ರ, ಪಿನ್ನಿಗೆ ಬೇಡ. ಫೈಬರ್ ದಾರಿ ಸಿಗುವಲ್ಲಿ ತಂತಿ ಬಿಡುವುದೇ ವಾಸಿ. ಫೈಬರ್ ಪ್ಲಗ್ ಒದ್ದೆಯಾದರೆ ಏನೂ ಆಗುವುದಿಲ್ಲ, 5 ಪಿನ್ ಒದ್ದೆಯಾದರೆ ಆ ದಿನದ ಕೆಲಸ ಮುಗಿಯಿತು.

ಹಂತ 6: ಡ್ರಮ್ ಪರೀಕ್ಷೆ

200 ಲೀಟರ್ ನೀಲಿ ಡ್ರಮ್ ಸಾಕು. ನಲ್ಲಿಯಲ್ಲಿ ಮಲಪ್ರಭಾ ನೀರು ಬಂದ ದಿನ ತುಂಬಿಸಿಟ್ಟುಕೊಳ್ಳಬೇಕು. ಬೋರ್ ನೀರಿನಲ್ಲಿ ಅದ್ದಿ ಹಾಗೇ ಒಣಗಿಸಿದರೆ ಓ-ರಿಂಗ್ ತೋಡಿನಲ್ಲಿ, ಫೈಬರ್ ತುದಿಯಲ್ಲಿ ಬಿಳಿ ಸುಣ್ಣ ಕೂರುತ್ತದೆ. ನಮ್ಮ ಕಡೆ ಇನ್ನೆರಡು ಶತ್ರುಗಳಿವೆ: ಎರೆ ಮಣ್ಣಿನ ಧೂಳು, ಹತ್ತಿಯ ಎಳೆ. ಫ್ಯಾನ್ ಹಾಕಿಕೊಂಡು ಓ-ರಿಂಗ್ ಹಚ್ಚಬಾರದು. ಒಂದು ಎಳೆ ಅಡ್ಡ ಬಿದ್ದರೆ ಅದರ ಗುಂಟ ನೀರು ಒಳಗೆ ಬರುತ್ತದೆ. ಒರೆಸಲು ಹತ್ತಿ ಬಟ್ಟೆ ಬೇಡ, ಕನ್ನಡಕ ಒರೆಸುವ ಮೈಕ್ರೋಫೈಬರ್ ಬೇಕು.

ಮೊದಲು ಖಾಲಿ ಹೌಸಿಂಗ್ ಒಳಗೆ ಟಿಶ್ಯೂ ಹಾಕಿ ಅರ್ಧ ತಾಸು ಮುಳುಗಿಸಬೇಕು, ಆಮೇಲೆ ಕ್ಯಾಮೆರಾ. ಸ್ಟ್ರೋಬನ್ನು ಗಾಳಿಯಲ್ಲಿ ಪೂರ್ತಿ ಶಕ್ತಿಯಲ್ಲಿ ಮೇಲಿಂದ ಮೇಲೆ ಹೊಡೆಯಬಾರದು. ನೀರಿನಲ್ಲಿ ತಣ್ಣಗಾಗುವ ಲೆಕ್ಕದಲ್ಲಿ ಅದನ್ನು ಮಾಡಿರುತ್ತಾರೆ, ಗಾಳಿಯಲ್ಲಿ ಟ್ಯೂಬ್ ಸುತ್ತ ಬಿಸಿ ನಿಲ್ಲುತ್ತದೆ. ಡ್ರಮ್‌ನಲ್ಲಿ ಮುಳುಗಿಸಿ, ನಾಲ್ಕನೇ ಒಂದು ಶಕ್ತಿಯಲ್ಲಿ, ಐದು ಸೆಕೆಂಡಿಗೊಮ್ಮೆ 30 ಸಲ. ಒಂದೂ ತಪ್ಪಬಾರದು. ಒಂದು ತಪ್ಪಿದರೂ ಫೈಬರ್ ತುದಿ, ಗುಳ್ಳೆ, ಎಲ್‌ಇಡಿ ಜಾಗ, ಇದೇ ಕ್ರಮದಲ್ಲಿ ನೋಡಬೇಕು. ನಂತರ ಇದೇ ಪರೀಕ್ಷೆ ಮಧ್ಯಾಹ್ನದ ಬಿಸಿಲಿನಲ್ಲಿ. ಕೋಣೆಯಲ್ಲಿ ಫೈಬರ್ ಇಲ್ಲದೆಯೂ ಸ್ಟ್ರೋಬ್‌ನ ಸ್ಲೇವ್ ಸೆನ್ಸರ್ (ಬೆಳಕಿನ ಸಂಕೇತ ಹಿಡಿಯುವ ಕಣ್ಣು) ಹಿಡಿಯುತ್ತದೆ, ಬಿಸಿಲಿನಲ್ಲಿ ಹಿಡಿಯುವುದಿಲ್ಲ. ನೇತ್ರಾಣಿಯ ಮೇಲುನೀರಿನಲ್ಲಿ ಬೆಳಕು ಬಿಸಿಲಿನದ್ದೇ.

ಸೆಲ್ ವಿಷಯ: ಒಳ್ಳೆಯ ನಿಕ್ಕಲ್ ಮೆಟಲ್ ಹೈಡ್ರೈಡ್ ಎಎ ನಾಲ್ಕು, ಒಂದೇ ಬಗೆ, ಒಟ್ಟಿಗೇ ಚಾರ್ಜ್ ಮಾಡಿದವು. ಟಾರ್ಚ್ ಅಂಗಡಿಯಲ್ಲಿ ಎಎ ಅಳತೆಯದೇ 14500 ಲಿಥಿಯಂ ಸೆಲ್ ಸಿಗುತ್ತದೆ. ಅದು 3.7 ವೋಲ್ಟ್. ನಾಲ್ಕು ಹಾಕಿದರೆ ಸುಮಾರು 15 ವೋಲ್ಟ್, ಸ್ಟ್ರೋಬ್ ಸರ್ಕ್ಯೂಟ್ ಸುಟ್ಟುಹೋಗುತ್ತದೆ.

ಖರ್ಚು

ಟಾಸ್‌ಲಿಂಕ್ ಕೇಬಲ್ 280, ಡೆಲ್ರಿನ್ ಪ್ಲಗ್ ನಾಲ್ಕಕ್ಕೆ 480, ಎಲ್‌ಇಡಿ ಎರಡಕ್ಕೆ 70, ಮಾಸ್‌ಫೆಟ್ ಹತ್ತರ ಪ್ಯಾಕ್ 60, ಕೆಪಾಸಿಟರ್-ರೆಸಿಸ್ಟರ್ 30, ಸಿಆರ್2032 ಮತ್ತು ಹೋಲ್ಡರ್ 130, ಫೋಮ್-ಟೇಪ್ 60. ಒಟ್ಟು 1,110 ರೂಪಾಯಿ. ಶೂ ಪಾದಕ್ಕೆ ದುಡ್ಡು ಇಲ್ಲ, ಕೆಟ್ಟ ಫ್ಲ್ಯಾಶ್ ಯಾವ ಸ್ಟುಡಿಯೋದಲ್ಲಾದರೂ ಒಂದು ಇದ್ದೇ ಇರುತ್ತದೆ.

ಉಳಿದದ್ದು

ಸೋನಿಯಲ್ಲಿ ಟಿಟಿಎಲ್ ಆಗಿಲ್ಲ. ಅದಕ್ಕೆ ಕ್ಯಾಮೆರಾದ ಮುಂದಿನ ಪಿನ್‌ಗಳ ಮಾತು ಓದಿ ಎಲ್‌ಇಡಿ ಏಟನ್ನು ಉದ್ದ-ಗಿಡ್ಡ ಮಾಡುವ ಮೈಕ್ರೋಕಂಟ್ರೋಲರ್ ಬೇಕು, ಈ ಬೋರ್ಡಿನಿಂದ ಅದು ಸಾಧ್ಯವಿಲ್ಲ. 200ಡಿ ಮಾರ್ಕ್ 2ರಲ್ಲಿ ಪಾಪ್-ಅಪ್ ಏಳದ ಹೌಸಿಂಗ್ ಸಿಕ್ಕವರಿಗೂ ಇದು ಉತ್ತರವಲ್ಲ, ಕ್ಯಾನನ್ ಸಂಕೇತ ಬಲ್ಲ ಟ್ರಿಗರ್ರೇ ಬೇಕು. ಜೆಡ್-240 ಕಡೆಯ ಪ್ಲಗ್‌ನ ತೆಳು ಓ-ರಿಂಗ್ ಪದೇಪದೇ ತೆಗೆದು ಹಾಕಿದ್ದರಿಂದ ಸವೆದಿದೆ. ಮುಂದಿನ ಸಲ ಲೇತ್‌ಗೆ ಹೋದಾಗ ತೋಡನ್ನು 0.2 ಮಿ.ಮೀ. ಆಳ ಮಾಡಿಸಿ, ದಪ್ಪ ರಿಂಗ್ ಹಾಕಿ, ಬಿಸಿಲಿನ 30 ಸಲದ ಪರೀಕ್ಷೆ ಮತ್ತೆ ಮಾಡಬೇಕು.